ಮುನೀರನನ್ನು ಗಡಿ ದಾಟಿಸಿದ ಗುರುವಾರ

2000ನೇ ಇಸವಿಯಲ್ಲಿ ನಾನು ಮೊಳಕಾಲ್ಮೂರು ತಾಲ್ಲೂಕಿನ ಒಂದು ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದೆ. ಠಾಣೆಯ ಹೆಸರು ಇಲ್ಲಿ ಬೇಡ. ನನಗೆ ವಹಿಸಿದ್ದು ರೈಟರ್ ಕೆಲಸ. ರೈಟರ್ ಎಂದರೆ ಠಾಣೆಯ ದಾಖಲೆಗಳನ್ನೆಲ್ಲ ಬರೆದು ಕಾಪಾಡುವವನು. ನನ್ನ ಮೂವತ್ತಮೂರು ವರ್ಷದ ನೌಕರಿಯಲ್ಲಿ ಲಾಠಿ ಹಿಡಿದದ್ದಕ್ಕಿಂತ ಪೆನ್ನು ಹಿಡಿದದ್ದೇ ಹೆಚ್ಚು. ಅಕ್ಷರ ದುಂಡಗಿತ್ತು, ಯಾವ ಕಾಲಮ್ಮನ್ನೂ ಖಾಲಿ ಬಿಡುತ್ತಿರಲಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದ ಮೇಲಧಿಕಾರಿಗಳು ನನ್ನ ರಿಜಿಸ್ಟರುಗಳನ್ನು ಬೇರೆ ಠಾಣೆಯವರಿಗೆ ತೋರಿಸುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಡೆದದ್ದೆಲ್ಲ ಶುರುವಾದದ್ದೇ ಆ ಅಚ್ಚುಕಟ್ಟಿನಿಂದ.

ಕಾರ್ಗಿಲ್ ಯುದ್ಧ ಮುಗಿದ ಕೆಲವು ತಿಂಗಳಿಗೆ ಎಲ್ಲ ಠಾಣೆಗಳಿಗೂ ಒಂದು ಸುತ್ತೋಲೆ ಬಂದಿತ್ತು. ವಿದೇಶಿಯರ ರಿಜಿಸ್ಟರನ್ನು ಪರಿಶೀಲಿಸಿ, ವೀಸಾ ಮುಗಿದೂ ಉಳಿದುಕೊಂಡವರು ಇದ್ದರೆ ವರದಿ ಮಾಡಬೇಕು ಎಂದು. ನಮ್ಮಂಥ ಠಾಣೆಯಲ್ಲಿ ಆ ರಿಜಿಸ್ಟರನ್ನು ಯಾರೂ ತೆರೆಯುತ್ತಿರಲಿಲ್ಲ. ಬೀರುವಿನ ತಳದಲ್ಲಿ, ಗೆದ್ದಲು ಹಿಡಿದ ಹಳೆಯ ನಕಾಶೆಗಳ ಕೆಳಗೆ ಅದು ಸಿಕ್ಕಿತು. ಅಕ್ಕಪಕ್ಕದ ಠಾಣೆಯವರು ‘ಇಲ್ಲ’ ಎಂದು ಬರೆದು ಕಳಿಸಿ ಕೈತೊಳೆದುಕೊಂಡಿದ್ದರು. ನಾನು ಪುಟ ತಿರುವಿದೆ.

1985ರಲ್ಲಿ ಬರೆದ ಒಂದು ನಮೂದು ಇತ್ತು. ಖೈರುನ್ನೀಸಾ, ಪಾಕಿಸ್ತಾನದ ಪಾಸ್‌ಪೋರ್ಟ್, ಜೊತೆಗೆ ಮಕ್ಕಳಿಬ್ಬರು. ಮುನೀರ, ನಾಲ್ಕು ವರ್ಷ. ಶಮೀಮ, ಎರಡು ವರ್ಷ. ಬಂದ ತಾರೀಖು ಇತ್ತು, ಮೂವರ ಹೆಸರಿನ ಮುಂದೆಯೂ ‘ಹೋದ ತಾರೀಖು’ ಕಾಲಮ್ ಖಾಲಿ ಇತ್ತು.

ವಿಚಾರಿಸಲು ಹೋದೆ. ಖೈರುನ್ನೀಸಾ ಇದೇ ಊರಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು. ಕರಾಚಿಯಲ್ಲಿದ್ದ ಸೋದರಮಾವನ ಮಗನಿಗೆ ಕೊಟ್ಟಿದ್ದರು. ಮದುವೆಯ ಮೇಲೆ ಅಲ್ಲಿಯ ಪ್ರಜೆಯಾದಳು. ಗಂಡ ಸತ್ತ ಮೇಲೆ ಎರಡು ಕೂಸುಗಳನ್ನು ಕಟ್ಟಿಕೊಂಡು ತಾಯಿಯ ಮನೆಗೆ ಬಂದಳು. ಮೂರು ತಿಂಗಳ ವೀಸಾ. ವರ್ಷ ವರ್ಷವೂ ಚಿತ್ರದುರ್ಗಕ್ಕೆ ಹೋಗಿ ಅದನ್ನು ಮುಂದುವರಿಸಿಕೊಂಡು ಬರುತ್ತಿದ್ದಳಂತೆ. 1991ರಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಆಮೇಲೆ ಆ ಕಾಗದಗಳ ಅರ್ಥ ತಿಳಿದವರು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಅಜ್ಜಿ ಫಾತಿಮಾಬಿಗೆ ಓದುಬರಹ ಇಲ್ಲ. ಪಾಸ್‌ಪೋರ್ಟನ್ನು ಮಗಳ ನೆನಪಿಗೆಂದು ಮದುವೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದರು. ನಾನು ಕೇಳಿದಾಗ ತಾವೇ ತೆಗೆದು ಕೈಗೆ ಕೊಟ್ಟರು. ಚಹಾ ಕೂಡ ಕೊಟ್ಟರು.

ಮುನೀರನಿಗೆ ಆಗ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿ ಮುಗಿಸಿ, ಪಕ್ಕದ ಮನೆಯ ತಿಪ್ಪಮ್ಮನವರ ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ. ಶಮೀಮ ಹದಿನೇಳರ ಹುಡುಗಿ, ಪಿಯುಸಿ ಓದುತ್ತಿದ್ದಳು. ಇಬ್ಬರಿಗೂ ಕನ್ನಡವೇ ಓದುಬರಹದ ಭಾಷೆ. ಮನೆಯಲ್ಲಿ ನಮ್ಮ ಕಡೆಯ ಮುಸ್ಲಿಮರು ಆಡುವ ದಖನಿ, ಮಗ್ಗದ ಮನೆಯಲ್ಲಿ ತೆಲುಗು ಬೆರೆತ ಕನ್ನಡ. ಉರ್ದು ಅಕ್ಷರ ಮುನೀರನಿಗೆ ಬರುತ್ತಲೇ ಇರಲಿಲ್ಲ.

ನಾನು ಠಾಣೆಗೆ ಬಂದು ವರದಿ ಬರೆದೆ. ಒಬ್ಬರು ಮೃತ, ಇಬ್ಬರು ವಾಸವಿರುವುದು ಕಂಡುಬಂದಿದೆ. ಪಾಸ್‌ಪೋರ್ಟ್ ಲಗತ್ತಿಸಿದೆ. ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಓದಿ, ‘ಇದನ್ನ ಯಾಕಪ್ಪ ಕೆದಕಿದೆ’ ಎಂದರು. ಬರೆದಾಗಿತ್ತು. ಸಹಿ ಹಾಕಿ ಕಳಿಸಿದರು.

ಜನವರಿಯಲ್ಲಿ ನೋಟಿಸ್ ಬಂತು. ‘ಲೀವ್ ಇಂಡಿಯಾ ನೋಟಿಸ್’ ಎನ್ನುತ್ತೇವೆ. ಇಷ್ಟು ದಿನದೊಳಗೆ ದೇಶ ಬಿಟ್ಟು ಹೋಗತಕ್ಕದ್ದು, ಇಲ್ಲವಾದರೆ ಪೊಲೀಸರೇ ಗಡಿ ದಾಟಿಸುತ್ತಾರೆ ಎಂಬ ಆದೇಶ. ಶಮೀಮಳದ್ದನ್ನು ಹದಿನೆಂಟು ತುಂಬುವವರೆಗೆ ತಡೆಹಿಡಿದಿದ್ದರು. ಮುನೀರನದ್ದನ್ನು ಜಾರಿ ಮಾಡಲು ನಾನೇ ಹೋದೆ. ಅವನು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕುಳಿತಿದ್ದ. ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಓದಿ ಅರ್ಥ ಹೇಳಿದೆ. ಲಾಳಿಯನ್ನು ಪಕ್ಕಕ್ಕಿಟ್ಟು, ಗೌರವದಿಂದಲೇ ಕೇಳಿದ:

“ಹೋದ್ರೆ ಎಷ್ಟು ದಿನಕ್ಕೆ ವಾಪಸ್ ಬರ್ಬೋದು ಸಾರ್?”

ಸಹಿ ಮಾಡಿಸಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ತಿಪ್ಪಮ್ಮನವರು ಠಾಣೆಗೆ ಬಂದರು. ಐವತ್ತರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡ ಮೇಲೆ ನಾಲ್ಕು ಮಗ್ಗ ನಡೆಸುತ್ತಿದ್ದವರು. ಠಾಣೆಯ ಮೆಟ್ಟಿಲನ್ನು ಅದೇ ಮೊದಲು ಹತ್ತಿದ್ದು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಸಾಹೇಬ್ರೆ, ಆ ಹುಡುಗ ನಮ್ಮನೇಲಿ ಉಂಡು ಬೆಳೆದೋನು. ಆ ದೇಶ ಯಾವ ದಿಕ್ಕಿಗೈತೆ ಅಂತಾನೂ ಅವ್ನಿಗೆ ಗೊತ್ತಿಲ್ಲ. ಹದಿನೈದು ವರ್ಷ ಸುಮ್ನಿದ್ದು ಈಗ ಇದನ್ನ ಬರೆದೋರು ಯಾರು?”

ಮೇಲಿನಿಂದ ಬಂದ ಆದೇಶ ಎಂದೆ. ಅದು ಸುಳ್ಳಲ್ಲ. ಆದರೆ ಕೆಳಗಿನಿಂದ ಮೇಲೆ ಹೋದ ವರದಿ ಯಾರದು ಎಂದು ಹೇಳಲಿಲ್ಲ.

ಅಲ್ಲಿಂದ ಮುಂದಿನ ಏಳು ತಿಂಗಳು ಆ ಹೆಂಗಸು ಮಾಡಿದ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಬೀದಿಯ ಹತ್ತು ಹನ್ನೆರಡು ಹೆಂಗಸರು ಸೇರಿದರು. ಮಗ್ಗದ ಕಂಡಿಕೆಗೆ ನೂಲು ಸುತ್ತುವವರು, ಶೇಂಗಾ ಬಿಡಿಸಲು ಹೋಗುವ ಕೂಲಿಯವರು, ಒಬ್ಬ ಅಂಗನವಾಡಿ ಟೀಚರ್. ಹೈಸ್ಕೂಲಿನ ಹೆಡ್‌ಮಾಸ್ಟರು ದಾಖಲಾತಿ ಪುಸ್ತಕದ ನಕಲು ಕೊಟ್ಟರು, ಮನವಿಯನ್ನೂ ಅವರೇ ಬರೆದುಕೊಟ್ಟರು. ಮುನೀರ ಮತ್ತು ಶಮೀಮ ಈ ಊರಿನ ಮಕ್ಕಳು, ಇವರನ್ನು ಕಳಿಸಬಾರದು ಎಂದು. ಅದಕ್ಕೆ ಸಹಿ, ಹೆಬ್ಬೆಟ್ಟು ಕೂಡಿಸಲು ಹೆಂಗಸರು ಬಸ್ಸು ಹತ್ತಿದರು. ರಾಂಪುರ, ದೇವಸಮುದ್ರ, ಆಚೆ ಪರಶುರಾಂಪುರದ ತನಕ. ಚಳ್ಳಕೆರೆಯ ಸಂತೆಯಲ್ಲಿ ಈರುಳ್ಳಿ ರಾಶಿಯ ಪಕ್ಕ ಕುಳಿತು ಕೂಡಿಸಿದರು. ತೆಲುಗಿನ ಮನೆಗಳಲ್ಲಿ ತಿಪ್ಪಮ್ಮ ತೆಲುಗಿನಲ್ಲೇ ಮಾತಾಡುತ್ತಿದ್ದರು. ಸ್ಟಾಂಪ್ ಪ್ಯಾಡು ಒಣಗಿದರೆ ಠಾಣೆಗೆ ಬರುತ್ತಿದ್ದರು. ನಾನು ಇಂಕು ಹಾಕಿ ಕೊಡುತ್ತಿದ್ದೆ. ಆಗೆಲ್ಲ ನಾನೂ ಏನೋ ಸಹಾಯ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು.

ಎಲ್ಲ ಕಡೆಯೂ ಬಾಗಿಲು ತೆರೆಯಲಿಲ್ಲ. ಯುದ್ಧದ ನೆನಪು ಹಸಿಯಾಗಿತ್ತು. ಪಾಕಿಸ್ತಾನದವನಿಗೆ ನಾವೇಕೆ ಸಹಿ ಹಾಕಬೇಕು ಎಂದು ಎಷ್ಟೋ ಜನ ಮುಖ ತಿರುಗಿಸಿದರು. ಒಂದು ಊರಲ್ಲಿ ಮಗ ಸೈನ್ಯದಲ್ಲಿದ್ದ ಕುರಿಗಾಹಿಯೊಬ್ಬರು ಹೆಂಗಸರನ್ನು ಜಗುಲಿಯಲ್ಲಿ ಕೂರಿಸಿ, ಪೂರ್ತಿ ಕೇಳಿಸಿಕೊಂಡು, ಮಜ್ಜಿಗೆ ಕೊಟ್ಟರಂತೆ. ಸಹಿ ಮಾತ್ರ ಹಾಕಲಿಲ್ಲವಂತೆ. ‘ಅವರ ಸಂಕಟ ಅವರಿಗೆ’ ಎಂದು ತಿಪ್ಪಮ್ಮ ನನ್ನ ಹತ್ತಿರ ಹೇಳಿದ್ದರು. ಬೇಸಿಗೆಯಲ್ಲಿ ಒಂದು ದಿನ ಊರಿನ ಮಗ್ಗಗಳೆಲ್ಲ ನಿಂತವು. ನೇಕಾರರು ತಾಲ್ಲೂಕು ಕಚೇರಿಯ ಮುಂದೆ ಸಂಜೆಯವರೆಗೂ ಕುಳಿತರು. ಎದುರುಗಡೆ ಇಪ್ಪತ್ತು ಮೂವತ್ತು ಜನ ನಿಂತು ಕೂಗು ಹಾಕಿದರು. ನಡುವೆ ಬಂದೋಬಸ್ತಿಗೆ ನಾನಿದ್ದೆ. ಮುನೀರ ಆ ದಿನ ಹೊರಗೇ ಬರಲಿಲ್ಲ, ಅರ್ಧ ಆಗಿದ್ದ ಸೀರೆಯ ಸೆರಗು ಮುಗಿಸುತ್ತ ಒಳಗೇ ಕುಳಿತಿದ್ದನೆಂದು ಆಮೇಲೆ ತಿಳಿಯಿತು. ನಿಂತ ಮಗ್ಗಗಳಲ್ಲಿ ಅವನದೊಂದೇ ಸೇರಿರಲಿಲ್ಲ.

ಮನವಿ ಚಿತ್ರದುರ್ಗಕ್ಕೆ, ಬೆಂಗಳೂರಿಗೆ, ದೆಹಲಿಗೆ ಹೋಯಿತು. ‘ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂಬ ಒಂದು ಸಾಲು ಹಿಂದಕ್ಕೆ ಬಂತು. ಅಷ್ಟರಲ್ಲಿ ಇನ್ನೊಂದು ಕಾಗದ ಬೇರೆ ದಾರಿಯಲ್ಲಿ ಸಾಗಿತ್ತು. ಒಬ್ಬನನ್ನು ಗಡಿ ದಾಟಿಸಬೇಕಾದರೆ ಆಚೆಯವರು ಅವನು ತಮ್ಮವನೆಂದು ಒಪ್ಪಬೇಕು. ನಾನು ಲಗತ್ತಿಸಿದ್ದ ತಾಯಿಯ ಪಾಸ್‌ಪೋರ್ಟಿನಿಂದ ಅದು ಸುಲಭವಾಯಿತು. ಆಗಸ್ಟಿನಲ್ಲಿ ದೆಹಲಿಯಲ್ಲಿದ್ದ ಅವರ ರಾಯಭಾರ ಕಚೇರಿ ಮುನೀರನ ಹೆಸರಿಗೆ ಒಂದು ಸಲದ ಪ್ರಯಾಣಪತ್ರ ಕೊಟ್ಟಿತು.

ಆಗ ತಿಪ್ಪಮ್ಮನವರಿಗೆ ಯಾರೋ ಚಳ್ಳಕೆರೆಯ ಒಬ್ಬ ವಕೀಲರ ಹೆಸರು ಹೇಳಿದರು. ಎಣ್ಣೆ ಮಿಲ್ಲುಗಳ ಬೀದಿಯಲ್ಲಿ ಸಣ್ಣ ಕೋಣೆಯ ಆಫೀಸು. ಫೈಲು ನೋಡಿ ಅವರು ತಲೆಯ ಮೇಲೆ ಕೈ ಹೊತ್ತರಂತೆ. ಜನವರಿಯಲ್ಲೇ ಹೈಕೋರ್ಟಿಗೆ ಹೋಗಬೇಕಿತ್ತು, ಈ ಹೆಬ್ಬೆಟ್ಟಿನ ಹಾಳೆಗಳನ್ನು ಸರ್ಕಾರಕ್ಕಲ್ಲ, ನ್ಯಾಯಾಧೀಶರಿಗೆ ತೋರಿಸಬೇಕಿತ್ತು ಎಂದರಂತೆ. ನೇಯ್ಗೆಯ ಊರಿನ ಹೆಂಗಸರಿಗೆ ಅದು ಹೇಗೆ ಗೊತ್ತಿರಬೇಕು? ಗೊತ್ತಿದ್ದ ನಾನು ಹೇಳಿರಲಿಲ್ಲ. ವಕೀಲರು ಫೀಸು ತೆಗೆದುಕೊಳ್ಳದೆ ಬೆಂಗಳೂರಿಗೆ ಓಡಿದರು. ಅರ್ಜಿ ಗುರುವಾರ ವಿಚಾರಣೆಗೆ ಬರುವುದೆಂದು ಗೊತ್ತಾಯಿತು.

ಮುನೀರನನ್ನು ಗಡಿಗೆ ಕರೆದೊಯ್ಯುವ ಎಸ್ಕಾರ್ಟ್ ಆದೇಶ ನನಗೆ ಬಂದದ್ದು ಅದೇ ವಾರದ ಸೋಮವಾರಕ್ಕೆ. ಫೈಲು ಗೊತ್ತಿರುವವನು, ಹಿಂದಿ ಮಾತಾಡಬಲ್ಲವನು ಎಂದು ನನ್ನ ಹೆಸರನ್ನೇ ಹಾಕಿದ್ದರು. ಜೊತೆಗೆ ಒಬ್ಬ ಕಾನ್‌ಸ್ಟೇಬಲ್. ಗುರುವಾರದ ತನಕ ತಡೆಯಬಹುದೇ ಎಂದು ನಮ್ಮ ಸಬ್ ಇನ್‌ಸ್ಪೆಕ್ಟರರು ಜಿಲ್ಲೆಗೆ ಕೇಳಿದರು. ತಡೆಯಾಜ್ಞೆ ಕೈಗೆ ಬರುವವರೆಗೆ ಹಿಂದಿನ ಆದೇಶವೇ ಜಾರಿಯಲ್ಲಿರುತ್ತದೆ ಎಂಬ ಉತ್ತರ ಬಂತು. ಅದು ಕಾನೂನಿನ ಪ್ರಕಾರ ಸರಿಯಾದ ಉತ್ತರ.

ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಜನ ತುಂಬಿದ್ದರು. ಯಾರೂ ಕೂಗಲಿಲ್ಲ. ಫಾತಿಮಾಬಿ ಮೊಮ್ಮಗನ ತಲೆಯ ಮೇಲೆ ಕೈಯಿಟ್ಟು ತುಂಬ ಹೊತ್ತು ತುಟಿ ಅಲ್ಲಾಡಿಸುತ್ತಿದ್ದರು. ಶಮೀಮ ಅಣ್ಣನ ಚೀಲ ಹಿಡಿದು ನಿಂತಿದ್ದಳು. ವಕೀಲರು ನನ್ನನ್ನು ಪಕ್ಕಕ್ಕೆ ಕರೆದು, ಗುರುವಾರ ಹನ್ನೊಂದೂವರೆಯ ಮೇಲೆ ಠಾಣೆಗೆ ಒಂದು ಫೋನ್ ಮಾಡಿ, ತಡೆಯಾಜ್ಞೆ ಸಿಕ್ಕಿದ್ದರೆ ಗಡಿಯಿಂದಲೇ ಹಿಂದಕ್ಕೆ ಕರೆತರಬಹುದು ಎಂದರು. ತಿಪ್ಪಮ್ಮ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟನ್ನು ನನ್ನ ಕೈಗೇ ಕೊಟ್ಟರು.

“ಒಂದು ಫೋನು, ಸಾಹೇಬ್ರೆ. ಅಷ್ಟೇ ಕೇಳೋದು.”

“ಮಾಡ್ತೀನಮ್ಮ,” ಎಂದೆ.

ಬಳ್ಳಾರಿ, ಗುಂತಕಲ್, ಅಲ್ಲಿಂದ ರೈಲು. ನಾನು ಬೇಡಿ ಹಾಕಲಿಲ್ಲ. ಮುನೀರ ಕಿಟಕಿಯ ಪಕ್ಕ ಕುಳಿತಿದ್ದ. ಮಂಗಳವಾರ ಬೆಳಗಾಗುವಷ್ಟರಲ್ಲಿ ಸ್ಟೇಷನ್ನಿನ ಬೋರ್ಡುಗಳಲ್ಲಿ ಕನ್ನಡ ಇರಲಿಲ್ಲ. ಎರಡನೆಯ ದಿನ ಅವನೇ ಮಾತು ಶುರುಮಾಡಿದ. ಕರಾಚಿಯಲ್ಲಿ ಮಗ್ಗ ಇರ್ತಾವಾ, ಕೈಮಗ್ಗವೋ ಪವರ್‌ಲೂಮೋ, ಕನ್ನಡದಲ್ಲಿ ಕಾಗದ ಬರೆದರೆ ಮುಟ್ಟುತ್ತದಾ. ನನಗೆ ಯಾವುದೂ ಗೊತ್ತಿರಲಿಲ್ಲ. ಅಪ್ಪನ ಕಡೆಯವರ ವಿಳಾಸ ಹಳೆಯ ಪಾಸ್‌ಪೋರ್ಟಿನಲ್ಲಿ ಇದ್ದದ್ದಷ್ಟೇ. ಅದನ್ನು ಒಂದು ಚೀಟಿಗೆ ಬರೆದುಕೊಟ್ಟೆ. ರೊಟ್ಟಿಯನ್ನು ಮೂವರೂ ಹಂಚಿಕೊಂಡು ತಿಂದೆವು. ದೆಹಲಿ ಬರುವ ಹೊತ್ತಿಗೆ ಮುಗಿಯಿತು.

ಗುರುವಾರ ಬೆಳಿಗ್ಗೆ ಅಮೃತಸರದಿಂದ ಗಡಿಯ ಅಟ್ಟಾರಿಗೆ ಹೋದೆವು. ಅಲ್ಲಿಯ ಚೆಕ್‌ಪೋಸ್ಟಿನವರು ಕಾಗದ ನೋಡಿ ಮಧ್ಯಾಹ್ನ ಎರಡರ ಮೇಲೆ ಕರೆಯುತ್ತೇವೆಂದರು. ರಸ್ತೆಯಾಚೆ ಒಂದು ಎಸ್‌ಟಿಡಿ ಬೂತ್ ಇತ್ತು. ಹಳದಿ ಬೋರ್ಡು. ಹನ್ನೆರಡು ಗಂಟೆಗೆ ನಾನು ಅಲ್ಲಿಗೆ ಹೋದೆ.

ಮುಂದಿನದನ್ನು ಬಹಳ ವರ್ಷ ನಾನು ಬೇರೆ ಥರ ಹೇಳಿದ್ದೇನೆ. ಬೂತಿನ ಮುಂದೆ ದೊಡ್ಡ ಕ್ಯೂ ಇತ್ತು ಎಂದು. ಇದ್ದವರು ಇಬ್ಬರು. ಲಾರಿ ಕ್ಲೀನರ್ ಒಬ್ಬ, ಮಗು ಎತ್ತಿಕೊಂಡ ಹೆಂಗಸೊಬ್ಬಳು. ನಾನು ಐದು ನಿಮಿಷ ನಿಂತೆ. ತಡೆಯಾಜ್ಞೆ ಬಂದಿದೆ ಎಂದು ಅತ್ತಲಿಂದ ಹೇಳಿದರೆ ಏನೇನು ಮಾಡಬೇಕು ಎಂದು ತಲೆಯಲ್ಲಿ ಓಡಿತು. ಕೈಯಲ್ಲಿ ಲಿಖಿತ ಆದೇಶ, ಕಿವಿಯಲ್ಲಿ ಬರಿ ಬಾಯಿಮಾತು. ಚೆಕ್‌ಪೋಸ್ಟಿನವರಿಗೆ ಯಾವ ಕಾಗದ ತೋರಿಸಲಿ? ಹುಡುಗನನ್ನು ಯಾವ ಠಾಣೆಯ ಲಾಕಪ್ಪಿನಲ್ಲಿಡಲಿ? ಮತ್ತೆ ಮೂರು ದಿನದ ರೈಲು. ನನಗೆ ದಣಿವಾಗಿತ್ತು. ಮುಗಿದರೆ ಸಾಕಾಗಿತ್ತು. ಹೆಂಗಸು ಫೋನ್ ಮುಗಿಸಿ ಹೊರಬಂದಳು. ಲಾರಿಯವನು ಒಳಗೆ ಹೋದ. ನಾನು ತಿರುಗಿ ರಸ್ತೆ ದಾಟಿದೆ.

ಎರಡೂಕಾಲಿಗೆ ಕರೆದರು. ಬಿಳಿ ಗೆರೆಯ ತನಕ ನಾನು ಅವನ ಜೊತೆ ನಡೆದೆ. ಆಚೆಯ ಅಧಿಕಾರಿ ಅವನ ಹೆಸರು, ತಂದೆಯ ಹೆಸರು ಕೇಳಿದ. ಮುನೀರ ದಖನಿಯಲ್ಲಿ ಹೇಳಿದ. ಆ ಮಾತು ಕೇಳಿ ಪಕ್ಕದಲ್ಲಿದ್ದವನಿಗೆ ನಗು ಬಂತು. ಕೆಟ್ಟ ನಗುವಲ್ಲ, ಎಲ್ಲಿಯದಪ್ಪ ಇದು ಎಂಬಂಥದ್ದು. ಗೆರೆ ದಾಟುವ ಮುಂಚೆ ಮುನೀರ ನನ್ನ ಕಡೆ ತಿರುಗಿದ.

“ಸಾರ್, ಫೋನ್ ಮಾಡಿದ್ರಾ?”

“ಮಾಡ್ದೆ ಕಣಪ್ಪ. ಲೈನ್ ಸಿಗಲಿಲ್ಲ,” ಎಂದೆ.

“ಸರಿ ಸಾರ್,” ಎಂದ. ಚೀಲ ಹೆಗಲಿಗೆ ಹಾಕಿಕೊಂಡು ಹೋದ.

ನಾನು ಸಮಯ ಬರೆದುಕೊಂಡೆ. ಎರಡು ಗಂಟೆ ಮೂವತ್ತೈದು ನಿಮಿಷ.

ಭಾನುವಾರ ಠಾಣೆಗೆ ಬಂದಾಗ ಸಬ್ ಇನ್‌ಸ್ಪೆಕ್ಟರರು ತಲೆಯೆತ್ತದೆ ಹೇಳಿದರು. ತಡೆಯಾಜ್ಞೆ ಗುರುವಾರ ಬೆಳಿಗ್ಗೆಯೇ ಆಗಿತ್ತು. ಹನ್ನೊಂದೂ ನಲವತ್ತಕ್ಕೆ ಬೆಂಗಳೂರಿನಿಂದ ವಕೀಲರ ಫೋನು, ಹನ್ನೆರಡೂವರೆಗೆ ಚಿತ್ರದುರ್ಗದಿಂದ ಖಚಿತ ಸಂದೇಶ. ಇಲ್ಲಿಂದ ವೈರ್‌ಲೆಸ್ ಕಳಿಸಿದ್ದರು. ಅದು ಬೆಂಗಳೂರು, ದೆಹಲಿ, ಚಂಡೀಗಢ ಸುತ್ತಿ ಅಟ್ಟಾರಿ ಮುಟ್ಟಿದ್ದು ಶುಕ್ರವಾರ. ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಿದರು. ಕ್ಯೂ ದೊಡ್ಡದಿತ್ತು ಸಾರ್ ಎಂದೆ. ಆ ವರ್ಷ ಎಸ್ಕಾರ್ಟ್ ಕೆಲಸವನ್ನು ಲೋಪವಿಲ್ಲದೆ ಮಾಡಿದ್ದಕ್ಕೆ ನನ್ನ ಸರ್ವಿಸ್ ಬುಕ್ಕಿನಲ್ಲಿ ಒಳ್ಳೆಯ ಮಾತು ಬರೆದರು.

ಅದೇ ಅರ್ಜಿಯ ಬಲದಿಂದ ಶಮೀಮ ಉಳಿದಳು. ದೀರ್ಘಾವಧಿ ವೀಸಾ ಸಿಕ್ಕಿತು, ವರ್ಷಗಳ ನಂತರ ಪೌರತ್ವವೂ ಆಯಿತು. ಮುನೀರನ ಮಟ್ಟಿಗೆ, ಅರ್ಜಿದಾರ ದೇಶದಲ್ಲೇ ಇಲ್ಲವಾದ್ದರಿಂದ ಅರ್ಜಿ ನಿಷ್ಫಲ ಎಂದಿತು ಕೋರ್ಟು. ವಾಪಸ್ ಬರುವ ವೀಸಾಕ್ಕೆ ಅವನು ಮೂರು ಸಲ ಕೇಳಿದ. ಸಿಗಲಿಲ್ಲ. ಫಾತಿಮಾಬಿ ಎರಡು ವರ್ಷಕ್ಕೆ ತೀರಿಹೋದರು.

ನಾಲ್ಕು ತಿಂಗಳಿಗೆ ಅವನ ಮೊದಲ ಕಾಗದ ಬಂತು. ಕರಾಚಿಯ ಮುದ್ರೆ, ಒಳಗೆ ಕನ್ನಡ. ಆಚೆಯಿಂದ ಬರುವ ಟಪಾಲನ್ನು ಠಾಣೆಯಲ್ಲಿ ಓದಿ ಸಾರಾಂಶವನ್ನು ಇಂಗ್ಲಿಷಿನಲ್ಲಿ ಬರೆದು ಚಿತ್ರದುರ್ಗಕ್ಕೆ ಕಳಿಸಬೇಕಿತ್ತು. ಆ ಕೆಲಸ ರೈಟರದ್ದು. ಅಪ್ಪನ ಕಡೆಯವರು ಒಂದು ವಾರ ಇಟ್ಟುಕೊಂಡರು, ಈಗ ಪವರ್‌ಲೂಮಿನಲ್ಲಿ ಕೆಲಸ, ಅಲ್ಲೇ ಮಲಗುತ್ತೇನೆ, ಇಲ್ಲಿ ನನ್ನನ್ನು ಹಿಂದೂಸ್ತಾನಿ ಅಂತ ಕರೀತಾರೆ ಎಂದು ಬರೆದಿದ್ದ. ಕೊನೆಯಲ್ಲಿ, ‘ತಿಪ್ಪವ್ವ, ರೈಟರ್ ಸಾರ್ ಮೇಲೆ ಬೇಜಾರು ಮಾಡ್ಕೋಬೇಡಿ. ಅವರು ಫೋನ್ ಮಾಡಿದ್ರು, ಲೈನ್ ಸಿಗಲಿಲ್ಲ’ ಎಂದಿತ್ತು. ನಾನು ಸಾರಾಂಶದಲ್ಲಿ ಆ ಸಾಲನ್ನು ಸೇರಿಸಲಿಲ್ಲ. ‘ಆಕ್ಷೇಪಾರ್ಹವಾದುದೇನೂ ಇಲ್ಲ’ ಎಂದು ಬರೆದು, ಲಕೋಟೆ ಅಂಟಿಸಿ ತಿಪ್ಪಮ್ಮನವರಿಗೆ ಕಳಿಸಿದೆ. ಒಟ್ಟು ಏಳು ಕಾಗದ ಬಂದವು. 2004ರ ನಂತರ ಯಾವುದೂ ಬರಲಿಲ್ಲ. ಶಮೀಮ ಆ ವಿಳಾಸಕ್ಕೆ ಈಗಲೂ ಬರೆಯುತ್ತಾಳೆ.

ಆಮೇಲೆ ನನಗೆ ಚಳ್ಳಕೆರೆ ಕಡೆಗೆ ವರ್ಗವಾಯಿತು. ಅಲ್ಲಿ ಇಂಥದೇ ಇನ್ನೊಂದು ಫೈಲು ನನ್ನ ಮೇಜಿಗೆ ಬಂತು, ಅಣ್ಣ ತಮ್ಮ ಇಬ್ಬರದು. ಫೈಲು ತೆರೆದ ದಿನವೇ ನಾನು ಎಣ್ಣೆ ಮಿಲ್ಲಿನ ಬೀದಿಗೆ ಹೋಗಿ ವಕೀಲರಿಗೆ ತಿಳಿಸಿದೆ. ಮರುದಿನ ತಿಪ್ಪಮ್ಮ ಹೆಂಗಸರ ಜೊತೆ ಬಸ್ಸಿಳಿದರು. ಈ ಸಲ ಯಾವ ಕಾಗದ ಎಲ್ಲಿಗೆ ಮೊದಲು ಹೋಗಬೇಕೆಂದು ಅವರಿಗೆ ಗೊತ್ತಿತ್ತು. ಆ ಇಬ್ಬರೂ ಉಳಿದರು. ಆದರೆ ಹಾಗೆ ಮಾಡಿದ ಮೇಲೂ ನನಗೆ ನಿದ್ದೆ ಸರಿಹೋಗಲಿಲ್ಲ. ‘ಸರಿ ಸಾರ್’ ಎಂದು ಬೇರೆ ಯಾರು ಹೇಳಿದರೂ ಈ ಹೊತ್ತಿಗೂ ನಾನು ಬೆಚ್ಚುತ್ತೇನೆ. ಹೇಳುವವರು ಅಂಗಡಿಯವರಿರಬಹುದು, ಮೊಮ್ಮಗನಿರಬಹುದು.

ನಿವೃತ್ತಿಯಾದ ವರ್ಷ ತಿಪ್ಪಮ್ಮನವರ ಮನೆಗೆ ಹೋದೆ. ಮಧ್ಯಾಹ್ನದ ಹೊತ್ತು. ಅವರು ಕಂಡಿಕೆ ಸುತ್ತುತ್ತಿದ್ದರು. ಎರಡನ್ನೂ ಹೇಳಿದೆ. ರಿಜಿಸ್ಟರ್ ತೆಗೆದು ವರದಿ ಬರೆದವನು ನಾನು. ಅಟ್ಟಾರಿಯಲ್ಲಿ ಫೋನ್ ಮಾಡದವನೂ ನಾನು. ಲೈನಿಗೆ ಪ್ರಯತ್ನವನ್ನೇ ಮಾಡಲಿಲ್ಲ.

ಅವರು ಸುತ್ತುವುದನ್ನು ನಿಲ್ಲಿಸಲಿಲ್ಲ. ಹಾಗೇ ಹೇಳಿದರು:

“ಗೊತ್ತೈತೆ. ಆವತ್ತು ಠಾಣೇಲಿ ಫೋನಿನ ಮುಂದೆ ನಾವು ಹದಿನಾಲ್ಕು ಜನ ಕುಂತಿದ್ವಿ. ಸಬ್ ಇನ್‌ಸ್ಪೆಕ್ಟ್ರು ಬ್ಯಾಡ ಅನ್ನಲಿಲ್ಲ. ಬೆಂಗಳೂರಿಂದ ಬಂತು, ದುರ್ಗದಿಂದ ಬಂತು, ಲೈನು ಚೆನ್ನಾಗೇ ಇತ್ತು. ರೈಟ್ರು ಮಾಡೇ ಮಾಡ್ತಾರೆ, ಮಾತು ಕೊಟ್ಟವ್ರೆ ಅಂತ ನಾನೇ ಎಲ್ಲರ್ನೂ ಸಂಜೆ ಮಟ ಕೂರಿಸ್ಕೊಂಡಿದ್ದೆ.”

ಮುನೀರನಿಗೆ ಇದು ತಿಳಿದಿದೆಯೇ ಎಂದು ಕೇಳಿದೆ.

“ಇಲ್ಲ. ನಾವು ಬರೀಲಿಲ್ಲ. ನಿಮ್ಮ ಸಲುವಾಗಿ ಅಲ್ಲ. ಈ ಕಡೆ ಅವ್ನು ಕೊನೇಗೆ ಮಾತಾಡಿದ ಮನುಷ ನೀವು. ಆ ಮನುಷ ಸುಳ್ಳು ಹೇಳಿದ ಅಂತ ಅವ್ನಿಗೆ ಅನ್ನಿಸಬಾರ್ದು. ಲೈನ್ ಸಿಗಲಿಲ್ಲ ಅಂತಾನೇ ಇರ್ಲಿ.”

ಅಷ್ಟು ಹೇಳಿ ಶಮೀಮಳನ್ನು ಕರೆದು ನನಗೆ ಊಟಕ್ಕೆ ಹಾಕಲು ಹೇಳಿದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪೊಲೀಸ್ ತರಬೇತಿಗೆ ಬಂದ ಹೊಸ ಹುಡುಗರ ಮುಂದೆ ಅನುಭವ ಹೇಳಲು ನನ್ನನ್ನು ಎರಡು ಮೂರು ಸಲ ಕರೆದಿದ್ದಾರೆ. ದಾಖಲೆ ಹೇಗೆ ಬರೆಯಬೇಕು ಎಂಬುದು ನನಗೆ ಕೊಟ್ಟ ವಿಷಯ. ಅದನ್ನು ಹೇಳಿ ಮುಗಿಸಿದ ಮೇಲೆ ಈ ಕೇಸನ್ನು ಹೇಳುತ್ತೇನೆ. ಆದೇಶವನ್ನು ಪಾಲಿಸಬೇಡಿ ಎಂದು ನಾನು ಅವರಿಗೆ ಹೇಳಲಾರೆ, ಹಾಗೆ ಹೇಳುವ ಯೋಗ್ಯತೆಯೂ ನನಗಿಲ್ಲ. ಹೇಳುವುದು ಇಷ್ಟೇ: ಒಬ್ಬ ಮನುಷ್ಯನನ್ನು ಹಿಂದಕ್ಕೆ ತರಲಾಗದ ಜಾಗಕ್ಕೆ ಒಯ್ಯುತ್ತಿದ್ದರೆ, ಕೊನೆಯ ಗಳಿಗೆಯವರೆಗೂ ಕೇಳುತ್ತಲೇ ಇರಿ. ಯಾರೂ ಕೇಳು ಎಂದು ಬರೆದುಕೊಡುವುದಿಲ್ಲ. ಕೇಳದಿದ್ದರೆ ಯಾರೂ ಮೆಮೊ ಕೊಡುವುದೂ ಇಲ್ಲ.

ಹುಡುಗರು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಒಂದು ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಆ ಮುನೀರ ಈಗ ಎಲ್ಲಿದ್ದಾನೆ ಸಾರ್ ಎಂದು ಕೇಳಿದಳು. ಗೊತ್ತಿಲ್ಲಮ್ಮ ಎಂದೆ. ನನ್ನ ನೌಕರಿಯಲ್ಲಿ ನಾನು ತುಂಬದೆ ಬಿಟ್ಟ ಕಾಲಮ್ ಅದೊಂದೇ.